ಯಾರೂ ನೋಡದ ಒಳ್ಳೆಯ ಸಿನಿಮಾ ಯಾವುದು?

ಗದಗಿನಲ್ಲಿ ಮುದ್ರಣಾಲಯಗಳಿಗೆ ಬರವಿಲ್ಲ. ಅವುಗಳಲ್ಲಿ ಒಂದು ಸಣ್ಣದು ನನ್ನದು. ಮದುವೆ ಪತ್ರಿಕೆಯ ಕರಡು ನೋಡಲು ಬಂದವರು, ಬೀಗರ ಹೆಸರುಗಳನ್ನೆಲ್ಲ ತಿದ್ದಿ ಮುಗಿಸಿ ಚಹಾ ಕುಡಿಯುವಾಗ ಕೇಳುವ ಪ್ರಶ್ನೆ ಒಂದೇ: "ನೀವು ಅಷ್ಟೊಂದು ಸಿನಿಮಾ ನೋಡುತ್ತೀರಲ್ಲ, ಯಾರೂ ನೋಡದ ಒಳ್ಳೆಯದೊಂದು ಹೇಳಿ." ನಾನು ಬಾಯಿ ತೆರೆಯುವಷ್ಟರಲ್ಲಿ ಬಾಲವೊಂದು ಬಂದು ಸೇರುತ್ತದೆ: "ಪ್ರಶಸ್ತಿ ಸಿನಿಮಾ ಬೇಡ ಮತ್ತೆ!"

ಪ್ರಶಸ್ತಿ ಬಂದದ್ದು ಸಿನಿಮಾದ ತಪ್ಪಲ್ಲ. ಆದರೂ ನಮ್ಮಲ್ಲಿ ಪ್ರಶಸ್ತಿ ಎಂದರೆ ಔಷಧಿಯ ಬಾಟಲಿಯ ಮೇಲಿನ ಚೀಟಿಯಂತೆ. ಓದಿದ ಕೂಡಲೇ ಮುಖ ಕಹಿಯಾಗುತ್ತದೆ. ಹಾಗಾಗಿ ಈಚೆಗೆ ನಾನು ಪ್ರಶಸ್ತಿಯ ಸುದ್ದಿಯನ್ನೇ ಎತ್ತದೆ ಕಥೆ ಹೇಳುತ್ತೇನೆ.

ಮೊದಲು ಹೇಳುವುದು 'ಶಿವಮ್ಮ ಯರೇಹಂಚಿನಾಳ'. ಯರೇಹಂಚಿನಾಳ ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಹಳ್ಳಿ. ಶಿವಮ್ಮ ಅಲ್ಲಿಯ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಗಂಡ ಲಕ್ವ ಹೊಡೆದು ಮಲಗಿದ್ದಾನೆ, ಸಾಲವಿದೆ. ಇಷ್ಟರ ನಡುವೆ ಅವಳು, ಸದಸ್ಯರನ್ನು ಸೇರಿಸಿದಷ್ಟೂ ಹಣ ಎನ್ನುವ ಚೈನ್ ಲಿಂಕ್ ಕಂಪನಿಯೊಂದನ್ನು ನಂಬಿ, ಶಕ್ತಿ ಬರುವ ಪುಡಿಯ ಮಾರಾಟಕ್ಕೆ ಇಳಿಯುತ್ತಾಳೆ. ಊರಿನವರು ಬೇಡವೆಂದರೂ ಬಿಡುವುದಿಲ್ಲ. ನಿರ್ದೇಶಕ ಜೈಶಂಕರ್ ಆರ್ಯರ್ ಅವಳನ್ನು ಮರುಕದಿಂದ ತೋರಿಸುವುದಿಲ್ಲ, ಗೇಲಿಯಿಂದಲೂ ಇಲ್ಲ. ಅವಳ ಹಟ ನೋಡಿದರೆ ಒಮ್ಮೆ ನಗು ಬರುತ್ತದೆ, ಇನ್ನೊಮ್ಮೆ ಸಿಟ್ಟು ಬರುತ್ತದೆ. ಶಿವಮ್ಮನ ಪಾತ್ರದಲ್ಲಿರುವ ಶರಣಮ್ಮ ಚೆಟ್ಟಿ ಆ ಭಾಗದವರೇ. ಕ್ಯಾಮೆರಾ ಎದುರಿಗಿದೆ ಎಂಬ ಪರಿವೆಯೇ ಇಲ್ಲದವರಂತೆ ನಡೆದಾಡುತ್ತಾರೆ.

ಈ ಕಥೆ ಹೇಳುವಾಗ ನನಗೆ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ವಿಸಿಟಿಂಗ್ ಕಾರ್ಡ್ ಮಾಡಿಸಲು ಬರುವ ಅಕ್ಕಂದಿರಲ್ಲಿ ಇಂಥವರು ಇದ್ದೇ ಇರುತ್ತಾರೆ. ಒಬ್ಬರು ಕರಡಿನಲ್ಲಿ ಕಂಪನಿ ತಮಗೆ ಕೊಟ್ಟ ದರ್ಜೆ ನೋಡಿ, "ಡೈಮಂಡ್ ಅನ್ನುವುದು ನನ್ನ ಹೆಸರಿಗಿಂತ ದೊಡ್ಡದಾಗಿ ಬರಲಿ" ಎಂದರು. ಮುಂಗಡದ ನೋಟುಗಳನ್ನು ಸೆರಗಿನ ಗಂಟಿನಿಂದ ಬಿಚ್ಚಿ, ಎರಡು ಸಲ ಎಣಿಸಿ ಕೊಟ್ಟರು. ಹೋಗುವ ಮುನ್ನ ನನ್ನನ್ನೂ ಸದಸ್ಯನಾಗಲು ಕರೆದರು. ಶಿವಮ್ಮನನ್ನು ನೋಡದ ಗದಗಿನವರು ಯಾರಿದ್ದಾರೆ? ಸಿನಿಮಾ ನೋಡಿದವರು ಮಾತ್ರ ಕಡಿಮೆ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದವರು ಮೆಚ್ಚಿ ಪ್ರಶಸ್ತಿ ಕೊಟ್ಟ ಮೇಲೆ, ನಮ್ಮ ಚಿತ್ರಮಂದಿರಗಳಿಗೆ ಅದು ಬಂದದ್ದು 2024ರಲ್ಲಿ. (ನೋಡಿ, ಕೊನೆಗೂ ಪ್ರಶಸ್ತಿಯ ಮಾತು ಬಂದೇ ಬಿಟ್ಟಿತು.)

ನನ್ನ ತಕರಾರು ಇರುವುದು ಇಲ್ಲೇ. ನಮ್ಮ ಭಾಗದ ಮಾತು ಕನ್ನಡ ಸಿನಿಮಾದಲ್ಲಿ ಬಹಳ ಕಾಲ ನಗಿಸುವುದಕ್ಕೇ ಮೀಸಲಾಗಿತ್ತು. ನಾಯಕ ಬೇರೆ ಕನ್ನಡ ಆಡುತ್ತಿದ್ದ, ಅವನಿಂದ ಪೆಟ್ಟು ತಿನ್ನುವವನು ನಮ್ಮ ಕನ್ನಡ. ಅದೇ ಮಾತಿನಲ್ಲಿ ಅಳುವ, ಲೆಕ್ಕ ಹಾಕುವ, ಸುಳ್ಳು ಹೇಳುವ, ಎದುರು ನಿಲ್ಲುವ ಮನುಷ್ಯರನ್ನು ತೋರಿಸಿದ ಸಿನಿಮಾಗಳು ಬಂದಾಗ ನಾವೇ ಹೋಗಲಿಲ್ಲ. ಇಂಥವಕ್ಕೆ ಸಿಗುವುದು ಒಂದೆರಡು ಆಟ, ಅದೂ ಜನ ಕೆಲಸದಲ್ಲಿರುವ ಹೊತ್ತಿಗೆ. ಮೊದಲ ಶನಿವಾರ, ಭಾನುವಾರ ಗಲ್ಲಾ ತುಂಬದಿದ್ದರೆ ಮುಂದಿನ ಶುಕ್ರವಾರ ಆ ಪರದೆ ಇನ್ನೊಬ್ಬರದು. ಬಾಯಿಂದ ಬಾಯಿಗೆ ಸುದ್ದಿ ಹರಡಲು ಅಷ್ಟು ದಿನ ಸಾಲುವುದಿಲ್ಲ.

ಬಿರಾದಾರರ ವಿಷಯವನ್ನೇ ತೆಗೆದುಕೊಳ್ಳಿ. ಭಿಕ್ಷುಕ, ಕುಡುಕ ಎಂದು ಎಷ್ಟೋ ಸಿನಿಮಾಗಳಲ್ಲಿ ನಗಿಸಿ ಹೋದ ವೈಜನಾಥ ಬಿರಾದಾರರು ಗಿರೀಶ್ ಕಾಸರವಳ್ಳಿಯವರ 'ಕನಸೆಂಬೋ ಕುದುರೆಯನೇರಿ'ಯಲ್ಲಿ (2010) ಕಥಾನಾಯಕ. ಅಮರೇಶ ನುಗಡೋಣಿಯವರ 'ಸವಾರಿ' ಕಥೆಯನ್ನು ಆಧರಿಸಿದ್ದು. ಬಿರಾದಾರರದು ಹೆಣ ಹೂಳಲು ಕುಣಿ ತೋಡುವ ಈರ್ಯಾನ ಪಾತ್ರ, ಅವನ ಹೆಂಡತಿ ರುದ್ರಿಯಾಗಿ ಉಮಾಶ್ರೀ. ಕನಸಿನಲ್ಲಿ ಸಿದ್ಧ ಬಂದರೆ ಊರಿನಲ್ಲಿ ಸಾವು ಖಂಡಿತ ಎಂಬುದು ಈರ್ಯಾನ ನಂಬಿಕೆ. ಕನಸು ಬೀಳುತ್ತದೆ. ಗೌಡರ ಮನೆಗೆ ಹೋದರೆ, ಯಾರೂ ಸತ್ತಿಲ್ಲ, ಹೋಗು ಎನ್ನುತ್ತಾರೆ. ಗೌಡರು ಸತ್ತಿರುವುದು ನಿಜ, ಅದನ್ನು ಮುಚ್ಚಿಟ್ಟಿರುತ್ತಾರೆ. ಏಕೆಂದು ನಾನು ಹೇಳುವುದಿಲ್ಲ. ನಡೆದದ್ದನ್ನೇ ಸಿನಿಮಾ ಇನ್ನೊಂದು ಕಡೆಯಿಂದ ಮತ್ತೆ ತೋರಿಸುತ್ತದೆ. ದೊಡ್ಡವರ ಒಂದು ಸುಳ್ಳಿನಿಂದ ಬಡವನೊಬ್ಬ ತನ್ನ ಕನಸನ್ನೇ ಅನುಮಾನಿಸುವಂತಾಗುತ್ತದಲ್ಲ, ಆಗ ಬಿರಾದಾರರ ಮುಖ ನೋಡಬೇಕು. ಇಷ್ಟು ವರ್ಷ ಅವರ ಕೈಯಲ್ಲಿ ತಟ್ಟೆ ಕೊಟ್ಟು ಕೂರಿಸಿದವರ ಮೇಲೆ ನನಗೆ ಸಿಟ್ಟು ಬಂದದ್ದು ಆಗಲೇ.

ಮಂಸೋರೆಯವರ 'ಹರಿವು' (2014) ಕೂಡ ಇದೇ ಸಾಲಿನದು. ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಮಗನ ದೇಹವನ್ನು ಟ್ರಂಕಿನಲ್ಲಿಟ್ಟು ಬಸ್ಸಿನಲ್ಲಿ ಊರಿಗೆ ಒಯ್ಯುವ ತಂದೆಯಾಗಿ ಸಂಚಾರಿ ವಿಜಯ್. ಕೆಲವೆಡೆ ಕಣ್ಣೀರನ್ನು ಒತ್ತಾಯದಿಂದ ಕೇಳುತ್ತದೆ ಎನಿಸಿತು, ಆದರೂ ಬಿಡಬೇಡಿ. ಮದುವೆ ಮನೆಯವರಿಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ.

ಅವರಿಗೆ ನಾಗಾಭರಣರ 'ನಾಗಮಂಡಲ' (1997). ಕಾರ್ನಾಡರ ನಾಟಕ, ಸಿ. ಅಶ್ವತ್ಥ್ ಸಂಗೀತ. ನಮ್ಮ ಧಾರವಾಡದ ಸಂಗೀತಾ ಕಟ್ಟಿಯವರು ಹಾಡಿದ 'ಈ ಹಸಿರು ಸಿರಿಯಲಿ' ಎಷ್ಟು ಮೊಬೈಲುಗಳಲ್ಲಿ ಇಲ್ಲ! ಸಿನಿಮಾ ನೋಡಿದ್ದೀರಾ ಎಂದರೆ, "ಟಿವಿಯಲ್ಲಿ ಅರ್ಧ ನೋಡಿದ ನೆನಪು" ಎನ್ನುತ್ತಾರೆ. ಅಲ್ಲಿ ನಾಯಕಿಯೇ ನಮ್ಮ ಮಾತು ಆಡುತ್ತಾಳೆ, ಮತ್ತು ಯಾರೂ ನಗುವುದಿಲ್ಲ.

ಇನ್ನು ವೇಗ ಬೇಕು, ಥ್ರಿಲ್ಲರ್ ಬೇಕು ಎನ್ನುವ ಹುಡುಗರಿಗೆ ಶಂಕರ್ ನಾಗ್ ಅವರ 'ಆಕ್ಸಿಡೆಂಟ್' (1985). ನಮ್ಮ ಭಾಗಕ್ಕೂ ಅದಕ್ಕೂ ಸಂಬಂಧವಿಲ್ಲ. ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ದೊಡ್ಡವರ ಮಗನ ಕಾರು ಹರಿಯುತ್ತದೆ, ಮುಂದೆ ಎಲ್ಲರೂ ಸೇರಿ ಅದನ್ನು ಅಳಿಸಲು ಹೊರಡುತ್ತಾರೆ. ಹಾಡಿಲ್ಲ, ಆದ್ದರಿಂದ ನಡುವೆ ಎದ್ದು ಹೋಗಲು ನೆಪವೂ ಸಿಗುವುದಿಲ್ಲ.