ಹಿಂದಕ್ಕೆ ತಿರುಗಿದ ಒಂದು ಕಿವಿ

ಇಂದು ನಮ್ಮ ಎಳೆಯ ಪೋನಿಯ, ಅಂದರೆ ಗಿಡ್ಡ ಜಾತಿಯ ಕುದುರೆಯ, ಎಡಗಿವಿ ಮೊದಲ ಬಾರಿಗೆ ನನ್ನ ಧ್ವನಿಯ ಕಡೆಗೆ ತಿರುಗಿತು.

ಅದಕ್ಕೆ ಇನ್ನೂ ಗಾಡಿ ಕಟ್ಟಿಲ್ಲ. ಉದ್ದನೆಯ ಎರಡು ಲಗಾಮುಗಳನ್ನು ಹಿಡಿದು ನಾನು ಹಿಂದೆ ಹಿಂದೆ ನಡೆಯುತ್ತೇನೆ. ಒಂದು ವಾರದಿಂದ ಬಯಲಿನ ಅದೇ ಮೂಲೆಗೆ ಬಂದೊಡನೆ ನಾಲ್ಕೂ ಕಾಲೂರಿ ನಿಂತುಬಿಡುತ್ತಿದ್ದ ಅದನ್ನು ನಾನು ಹಟಮಾರಿ ಎಂದೇ ಕರೆಯುತ್ತಿದ್ದೆ.

ಕುದುರೆಗೆ ಸುತ್ತಲೂ ಸುಮಾರು 350 ಡಿಗ್ರಿಯಷ್ಟು ಕಾಣುತ್ತದೆ, ಆದರೆ ಬೆನ್ನ ಹಿಂದೆ ನೇರವಾಗಿ ಇರುವವರು ಕಾಣುವುದಿಲ್ಲ. ಪಕ್ಕದ ಮತ್ತು ಹಿಂದಿನ ನೋಟವನ್ನು ಮರೆಮಾಡುವ ಕಣ್ಣುಪಟ್ಟಿ ಕಟ್ಟಿದ ಮೇಲಂತೂ ಹಿಂದಿನ ಲೋಕವೆಲ್ಲ ಅದಕ್ಕೆ ಧ್ವನಿ ಮತ್ತು ಲಗಾಮಿನ ಸ್ಪರ್ಶ ಮಾತ್ರ. ನಾನು ಮೌನವಾಗಿ ನಡೆದರೆ ಪಾಪ, ಅದು ಯಾರನ್ನು ನಂಬಬೇಕು?

ಆದ್ದರಿಂದ ಇಂದು ಮೆಲ್ಲಗೆ ಮಾತನಾಡುತ್ತಲೇ ಹೋದೆ, ಮತ್ತು ಆ ಮೂಲೆಯಲ್ಲಿ ಅದು ಒಂದು ಹೆಜ್ಜೆ ಮುಂದಿಟ್ಟ ಕ್ಷಣವೇ ಬೆರಳುಗಳನ್ನು ಸಡಿಲಿಸಿದೆ, ಏಕೆಂದರೆ ಒತ್ತಡ ಬಿಟ್ಟುಹೋಗುವ ಆ ಗಳಿಗೆಯೇ ಕುದುರೆಗೆ ಪಾಠ. ಮೂಲೆ ದಾಟಿತು.

ಪ್ರದರ್ಶನದ ಕಣದಲ್ಲಿ ತೀರ್ಪುಗಾರರ ಮುಂದೆ ನಾಲ್ಕು ಕಾಲುಗಳ ಮೇಲೂ ಸಮನಾಗಿ, ಅಲುಗದೆ ನಿಲ್ಲುವುದನ್ನು ಅದು ಇನ್ನೂ ಕಲಿಯಬೇಕು. ಗಾಡಿಯ ಮೂಕಿಗಳ ನಡುವೆ ನಿಲ್ಲುವುದಕ್ಕೂ ಅದೇ ತಾಳ್ಮೆ ಬೇಕು. ಇಂದು ನಾನು "ನಿಲ್ಲು" ಎಂದಾಗ ಎಂಟು ಸೆಕೆಂಡು ನಿಂತಿತು, ಕಿವಿಯನ್ನು ನನ್ನ ಕಡೆಗೇ ಇಟ್ಟುಕೊಂಡು.