ಹಲಸಿನ ಬುಡದ ದರಗು ಯಾರಿಗೆ?

ಏಪ್ರಿಲ್ 6, 2025, ಭಾನುವಾರ
ಕೊಪ್ಪ

ಇವತ್ತು ರಾಮನವಮಿ. ಪಾನಕ, ಕೋಸಂಬರಿ ಎಲ್ಲ ಮುಗಿದು ಮನೆಯವರು ಮಲಗಿದ್ದಾರೆ. ಮೊನ್ನೆಯ ಮಳೆಗೆ ಧೂಳು ಅಡಗಿತೇ ಹೊರತು ಸೆಕೆ ಏನೂ ಕಮ್ಮಿ ಆಗಿಲ್ಲ. ಹಿತ್ತಲಿನಲ್ಲಿ ಕುಟ್ರುಹಕ್ಕಿ ಬೆಳಿಗ್ಗೆ ಶುರು ಮಾಡಿದ ಕುಟ್ರೂ ಕುಟ್ರೂ ಇನ್ನೂ ನಿಲ್ಲಿಸಿಲ್ಲ. ಅದಕ್ಕೆ ಗಂಟಲು ಒಣಗುವುದೇ ಇಲ್ವಾ ಅಂತ ನನಗೆ ಪ್ರತಿ ಬೇಸಿಗೆಯಲ್ಲೂ ಅನಿಸುತ್ತದೆ.

ಮನೆಯಲ್ಲಿ ಈ ವಾರದ ಜಗಳ ದರಗಿನದು, ಅಂದರೆ ಉದುರಿದ ಒಣ ಎಲೆಯದು. ಈ ಹೊತ್ತಿಗೆ ದರಗು ಗುಡಿಸಿ ಕೊಟ್ಟಿಗೆಗೆ ಹಾಕುವುದು ಇಲ್ಲಿ ಎಲ್ಲರ ಮನೆಯಲ್ಲೂ ಇದ್ದದ್ದೇ. ದನದ ಕಾಲಡಿ ಬಿದ್ದು ಗೊಬ್ಬರವಾಗಿ ಆಮೇಲೆ ಅಡಿಕೆ ಬುಡಕ್ಕೆ ಹೋಗುತ್ತದೆ. ಮೊದಲೆಲ್ಲ ಬೆಟ್ಟದಿಂದ ತರುತ್ತಿದ್ದೆವು. ಮಂಗನ ಕಾಯಿಲೆಯ ಭಯಕ್ಕೆ ಅದನ್ನು ನಿಲ್ಲಿಸಿದ್ದೇವೆ. ಹಾಗಾಗಿ ಇವರಿಗೆ ಈಗ ಹಿತ್ತಲಿನ ಒಂದೊಂದು ಎಲೆಯ ಮೇಲೂ ಕಣ್ಣು. ಹಲಸಿನ ಬುಡದ್ದು ಮಾತ್ರ ಮುಟ್ಟಬೇಡಿ ಅಂತ ನಾನು.

"ಅಲ್ಲಿ ಎಂತ ಇದೆ ಅಂತ ಕಾಯ್ತಿದ್ದೀ ಮಾರಾಯ್ತಿ?" ಅಂದರು ಅತ್ತೆ.

ಅಲ್ಲಿ ನವರಂಗ ಇದೆ. ಮಳೆಗಾಲ ಮುಗಿದ ಮೇಲೆ ಉತ್ತರದಿಂದ ಬಂದು ಚಳಿಗಾಲವೆಲ್ಲ ನಮ್ಮ ಕಡೆ ಕಳೆಯುವ ಹಕ್ಕಿ. ಈ ತಿಂಗಳು ಹೊರಟುಬಿಡುತ್ತದೆ. ಮಧ್ಯ ಭಾರತ, ಹಿಮಾಲಯದ ತಪ್ಪಲು ಅಂತೆಲ್ಲ ಹೋಗಿ ಮಳೆ ಶುರುವಾದಾಗ ಗೂಡು ಕಟ್ಟುತ್ತದೆ. ಅಷ್ಟು ದೂರ ಹಾರುವ ಮೊದಲು ಹೊಟ್ಟೆ ತುಂಬಾ ತಿನ್ನಬೇಕಲ್ಲ, ಅದರ ಊಟವೆಲ್ಲ ಇರುವುದು ದರಗಿನ ಅಡಿಯಲ್ಲೇ.

ಬೆಳಿಗ್ಗೆ ಬಚ್ಚಲಿನ ಕಿಟಕಿಯಿಂದ ನೋಡುತ್ತಾ ನಿಂತಿದ್ದೆ. ಎರಡು ಹಾರು ಹಾರಿ ನಿಂತಿತು. ತಲೆ ಓರೆ ಮಾಡಿತು. ಒಣ ಹಲಸಿನೆಲೆಯೊಂದನ್ನು ಕೊಕ್ಕಿನಲ್ಲಿ ಹಿಡಿದು ಪಕ್ಕಕ್ಕೆ ಎಸೆಯಿತು. ಅಡಿಯಲ್ಲಿ ಏನೂ ಇರಲಿಲ್ಲ. ಇನ್ನೊಂದು ಎಲೆ ಎಸೆಯಿತು, ಹುಳ ಸಿಕ್ಕಿತು. ನುಂಗಿದ ಮೇಲೆ ಮೊಂಡು ಬಾಲವನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿತು. ಆಗ ಬಾಲದ ಅಡಿಯ ಕೆಂಪು ಕಂಡಿತು. ಬೆನ್ನು ಹಸಿರು, ರೆಕ್ಕೆಯಲ್ಲಿ ನೀಲಿ, ಕಣ್ಣಿಗೆ ಕಪ್ಪು ಪಟ್ಟಿ. ಇಷ್ಟು ಬಣ್ಣ ಇದ್ದರೂ ಅಲುಗಾಡದೆ ನಿಂತರೆ ಆ ನೆರಳಿನಲ್ಲಿ ಕಾಣುವುದೇ ಇಲ್ಲ.

ಅಲ್ಲಿ ದರಗು ಬಿಟ್ಟರೆ ಕಾಯಿಲೆಯ ಭಯ ಅನ್ನುವ ಅತ್ತೆಯ ಮಾತನ್ನೂ ತಳ್ಳಿಹಾಕುವ ಹಾಗಿಲ್ಲ. ಆ ಹಲಸಿಗೆ ಮಂಗ ಬರುತ್ತವೆ. ಮಂಗ ಬಂದಲ್ಲಿ ಉಣುಗು ಉದುರುತ್ತದೆ, ರಕ್ತ ಹೀರುವ ಆ ಸಣ್ಣ ಹುಳವೇ ಮಂಗನ ಕಾಯಿಲೆ ಹರಡುವುದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ ಕಾಯಿಲೆ, ಇನ್ನೂ ಮಲೆನಾಡು ಬಿಟ್ಟು ಹೋಗಿಲ್ಲ. ಜನವರಿಯಿಂದ ಮೇವರೆಗೆ ಜಾಸ್ತಿ. ಅದರಲ್ಲೂ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಮರಿ ಉಣುಗೇ ಅಪಾಯ. ಅದಕ್ಕೇ ನಾನು ಹೇಳಿದ್ದು, ಕೈ ಹಾಕಿ ಬುಟ್ಟಿಗೆ ತುಂಬಿ ಕೊಟ್ಟಿಗೆಗೆ ತಂದು ಸುರಿಯುವುದಕ್ಕಿಂತ ಅಲ್ಲೇ ಬಿಡುವುದು ವಾಸಿ ಅಲ್ವಾ ಅಂತ. ಮಕ್ಕಳನ್ನು ಆ ಕಡೆ ಬಿಡುವುದಿಲ್ಲ. ಇವರು ತೋಟಕ್ಕೆ ಹೋಗುವಾಗ ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ, ಬಂದ ಕೂಡಲೇ ಬಿಸಿನೀರಿನ ಸ್ನಾನ. ಅತ್ತೆ "ಹೂಂ" ಅಂದರು. ಒಪ್ಪಿದ ಹೂಂ ಅಲ್ಲ ಅದು, ಮುಂದಿನ ವಾರ ನೋಡೋಣ ಅನ್ನುವ ಹೂಂ.

ಹಿತ್ತಲಿನ ಉಳಿದ ಜೀವಿಗಳ ವಿಷಯದಲ್ಲಿ ಇಷ್ಟು ತಕರಾರಿಲ್ಲ. ಚಿಕ್ಕು ಮರಕ್ಕೆ ಬಲೆ ಹಾಕುವುದು ಬೇಡ ಅಂತ ಹೋದ ವರ್ಷವೇ ತೀರ್ಮಾನ ಆಗಿತ್ತು. ಬಲೆಗೆ ಕೇರೆಹಾವು ಸಿಕ್ಕಿಬಿದ್ದರೆ ಬಿಡಿಸುವಷ್ಟರಲ್ಲಿ ಅದರ ಪ್ರಾಣ ಹೋಗಿರುತ್ತದೆ. ಕೇರೆ ಹೋದರೆ ಹಿತ್ತಲೆಲ್ಲ ಇಲಿಯದ್ದೇ ಕಾರುಬಾರು. ಕೈಗೆ ಎಟುಕುವ ಕಾಯಿಗಳಿಗೆ ಹಳೆ ಸೀರೆಯ ಚೀಲ ಕಟ್ಟುತ್ತೇನೆ, ಮೇಲಿನವು ಬಾವಲಿಗೆ. ಅವು ಕಚ್ಚಿ ಬೀಳಿಸಿದ್ದನ್ನು ನಾವು ಯಾರೂ ತಿನ್ನುವುದಿಲ್ಲ, ಸೀದಾ ಗುಂಡಿಗೆ. ಬಾವಿಕಟ್ಟೆಯ ಮೇಲೆ ಅಗಲದ ಮಣ್ಣಿನ ತಟ್ಟೆಯಲ್ಲಿ ನೀರು ಇಡುತ್ತೇನೆ. ಮಧ್ಯದಲ್ಲೊಂದು ಕಲ್ಲು ಇಟ್ಟಿದ್ದೇನೆ, ಜೇನು ಮುಳುಗಬಾರದು ಅಂತ. ಪಿಕಳಾರ ಒಂದೊಂದೇ ಬಂದು ಕುಡಿದು ಹೋಗುತ್ತದೆ. ಹರಟೆಮಲ್ಲಗಳು ಹಿಂಡಾಗಿ ಬಂದು ಮಿಂದು ಅರ್ಧ ನೀರು ಚೆಲ್ಲಿ ಹೋಗುತ್ತವೆ. ದಿನಾ ಚೆಲ್ಲಿ ಹೊಸ ನೀರು ಹಾಕದಿದ್ದರೆ ಸೊಳ್ಳೆಗೆ ನಾನೇ ತೊಟ್ಟಿಲು ಕಟ್ಟಿಕೊಟ್ಟ ಹಾಗೆ.

ಅಡಿಕೆ ಮರಗಳಲ್ಲಿ ಹಾರುವ ಓತಿಗಳ ಓಡಾಟ ಜೋರಾಗಿದೆ. ಗಂಡು ಗಂಟಲಿನ ಹಳದಿ ಚೀಲವನ್ನು ಫಕ್ಕನೆ ಬಿಚ್ಚುತ್ತದೆ, ಮಡಚುತ್ತದೆ. ಆ ಹಳದಿ ಕಾಣದಿದ್ದರೆ ಅಡಿಕೆ ಮರದ ಮೇಲಿನ ಕಲ್ಲುಹೂವೇ ಅದು ಅಂದುಕೊಳ್ಳಬೇಕು. ಆಮೇಲೆ ಪಕ್ಕೆಲುಬಿಗೆ ಅಂಟಿದ ಚರ್ಮ ಅಗಲಿಸಿ ಪಕ್ಕದ ಮರಕ್ಕೆ ತೇಲಿಹೋಗುತ್ತದೆ. ಹೆಣ್ಣು ಮೊಟ್ಟೆ ಇಡಲು ಮಾತ್ರ ನೆಲಕ್ಕೆ ಇಳಿಯುವುದು. ತಿನ್ನುವುದು ಇರುವೆ. ಇವರಿಂದ ಒಂದೇ ಒಂದು ಬೈಗುಳ ತಿನ್ನದ ಪ್ರಾಣಿ ಈ ತೋಟದಲ್ಲಿ ಇದ್ದರೆ ಅದು ಇದೇ.

ಮಂಗಗಳ ವಿಷಯದಲ್ಲಿ ನನಗೂ ದಯೆ ಕಮ್ಮಿ. ನೀರು ಬತ್ತಿದ ಈ ದಿನಗಳಲ್ಲಿ ಎಳೆ ಅಡಿಕೆ ಕಿತ್ತು ರಸ ಹೀರಿ ಎಸೆಯುತ್ತವೆ. ಸಿಂಗಾರವನ್ನೂ, ಅಂದರೆ ಅಡಿಕೆ ಹೂವನ್ನೂ, ಬಿಡುವುದಿಲ್ಲ. ಬುಡದಲ್ಲಿ ಬಿದ್ದಿದ್ದು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಟ್ಟಿಸುತ್ತೇವೆ, ಪಕ್ಕದ ತೋಟಕ್ಕೆ ಹೋಗುತ್ತವೆ, ಅವರು ಅಟ್ಟಿಸಿದರೆ ವಾಪಸ್ ಇಲ್ಲಿಗೆ. ಸತ್ತ ಮಂಗ ಕಂಡರೆ ಮಾತ್ರ ಹತ್ತಿರ ಹೋಗಬಾರದು, ಆಸ್ಪತ್ರೆಗೆ ತಿಳಿಸಬೇಕು ಅಂತ ಮಕ್ಕಳಿಗೂ ಹೇಳಿಟ್ಟಿದ್ದೇನೆ.

ಬಚ್ಚಲ ಹಿಂದಿನ ಬಾಳೆಗೊನೆ ಇನ್ನೂ ಪೂರ್ತಿ ಬಲಿತಿಲ್ಲ. ಆದರೂ ನಾಳೆ ಕಡಿಯಬೇಕು. ಮೇಲಿನ ಚಿಪ್ಪಿನಲ್ಲಿ ಅಳಿಲು ಆಗಲೇ ರುಚಿ ನೋಡಿದೆ. ಆ ಒಂದು ಚಿಪ್ಪು ಗಿಡದಲ್ಲೇ ಬಿಟ್ಟು ಕಡಿಯೋಕೆ ಆಗುತ್ತಾ ಅಂತ ಇವರನ್ನು ಕೇಳಬೇಕು. "ಇನ್ನು ಬಾಳೆಗೂ ಶುರುವಾಯ್ತಾ ನಿಂದು?" ಅಂತಾರೆ, ಗೊತ್ತು.