ಎಲ್ಲರೂ 20 ಉಸಿರಾಡುವ ವಾರ್ಡು

ನರ್ಸಿಂಗ್ ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಸರ್ ಎಂದು ಸಂಪಾದಕ ಮಂಡಳಿಯ ಹುಡುಗಿಯೊಬ್ಬಳು ಫೋನ್ ಮಾಡಿದಾಗ, ಹಾಸ್ಟೆಲಿನ ಕಿತಾಪತಿಗಳನ್ನೇ ಬರೆದು ಕೈತೊಳೆದುಕೊಳ್ಳೋಣ ಅಂದುಕೊಂಡಿದ್ದೆ. ನಮ್ಮ ಬ್ಯಾಚಿನಲ್ಲಿ ಹುಡುಗರು ಆರೇ ಜನ, ಆದರೂ ಕಿತಾಪತಿಗೇನೂ ಬರ ಇರಲಿಲ್ಲ. ಬರೆಯಲು ಕೂತಾಗ ಮಾತ್ರ ಕಣ್ಣಮುಂದೆ ಬಂದದ್ದು ಫೌಂಡೇಶನ್ ಲ್ಯಾಬು, ಅಲ್ಲಿನ ಗೋಡೆ ಗಡಿಯಾರ, ಅದರ ಕೆಂಪು ಸೆಕೆಂಡು ಮುಳ್ಳು. ಅದರ ಕೆಳಗೆ ಕೈಕಟ್ಟಿ ನಿಂತ ಮೇಡಂ. ಅವರ ಹೆಸರು ಬರೆಯುವುದಿಲ್ಲ. ಬರೆದರೆ, "ನನ್ನ ಹೆಸರು ಯಾಕೆ, ಪಾಠ ಬರಿ" ಅಂತ ಇವತ್ತಿಗೂ ಗದರುತ್ತಾರೆ.

ಆ ಲ್ಯಾಬಿನ ಬೊಂಬೆಗೆ ಏನು ಬೇಕಾದರೂ ಮಾಡಬಹುದಿತ್ತು. ಮೈ ಒರೆಸಬಹುದು, ಕ್ಯಾತಿಟರ್ ಹಾಕಬಹುದು, ಮೂಗಿನಿಂದ ನಳಿಕೆ ಇಳಿಸಬಹುದು. ಉಸಿರಾಟ ಎಣಿಸುವುದೊಂದು ಸಾಧ್ಯವಿರಲಿಲ್ಲ. ಹಾಗಾಗಿ ಮೇಡಂ ನಮ್ಮನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿ, "ಎದುರಿಗಿರುವವರ ಉಸಿರು ಎಣಿಸಿ, ಒಂದು ನಿಮಿಷ" ಅಂದರು. ನನ್ನ ಜೊತೆಗಾರ ನಗು ತಡೆಯಲು ಹೋಗಿ ಉಸಿರನ್ನೇ ತಡೆದ. ಅವನದು 9 ಬಂತು. ಪಕ್ಕದ ಜೋಡಿಯಲ್ಲಿ 31. ಲ್ಯಾಬಿಗೆ ಲ್ಯಾಬೇ ಗೊಳ್ಳೆಂದಿತು. ಮೇಡಂ ನಗಲಿಲ್ಲ. "ನೋಡಿದ್ರಾ? ಎಣಿಸ್ತಿದಾರೆ ಅಂತ ಗೊತ್ತಾದ ತಕ್ಷಣ ಉಸಿರು ಸುಳ್ಳು ಹೇಳುತ್ತೆ. ನಾಡಿಗೆ ಸುಳ್ಳು ಹೇಳೋಕೆ ಬರಲ್ಲ, ಉಸಿರಿಗೆ ಬರುತ್ತೆ."

ಆಮೇಲೆ ಕಳ್ಳದಾರಿ ಕಲಿಸಿದರು. ರೋಗಿಯ ಮುಂಗೈಯನ್ನು ಅವರ ಹೊಟ್ಟೆಯ ಮೇಲೆ ಮಡಿಸಿಟ್ಟು ನಾಡಿ ಹಿಡಿಯಬೇಕು. ನಾಡಿ ಎಣಿಸಿ ಮುಗಿದರೂ ಬೆರಳು ತೆಗೆಯಬಾರದು. ಕಣ್ಣು ಮಾತ್ರ ಗಡಿಯಾರದಿಂದ ಎದೆಗೆ, ಎದೆಯಿಂದ ಗಡಿಯಾರಕ್ಕೆ. ನಾವು ಇನ್ನೂ ನಾಡಿ ನೋಡುತ್ತಿದ್ದೇವೆ ಅಂತಲೇ ಅವರು ಅಂದುಕೊಂಡಿರುತ್ತಾರೆ. ಕಣ್ಣಿಗೆ ಕಾಣದಷ್ಟು ಮೆಲ್ಲಗೆ ಉಸಿರಾಡುವವರಾದರೂ ಹೊಟ್ಟೆಯ ಮೇಲಿನ ಕೈ ಏರಿ ಇಳಿಯುವುದು ನಮ್ಮ ಬೆರಳಿಗೆ ತಿಳಿಯುತ್ತದೆ. ಏರಿ ಇಳಿದರೆ ಒಂದು. ಪೂರ್ತಿ 60 ಸೆಕೆಂಡು.

"15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಆಗಲ್ವಾ ಮೇಡಂ?" ಅಂತ ಕೇಳಿದವನು ನಾನೇ. ಬೋರ್ಡಿನ ಮೇಲೆ 16, 20, 24, 28 ಎಂದು ಬರೆದರು. "ನಿನ್ನ ಲೆಕ್ಕದಲ್ಲಿ ಇಷ್ಟೇ ಸಂಖ್ಯೆ ಇರೋದು. 22 ಉಸಿರಾಡೋ ಮನುಷ್ಯ ಎಲ್ಲಿಗೆ ಹೋಗಬೇಕು?" ಈ ಪ್ರಶ್ನೆ ಎಷ್ಟು ಗಂಭೀರವಾದದ್ದೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ವಾರ್ಡ್ ಪೋಸ್ಟಿಂಗ್ ಶುರುವಾದ ಮೇಲೆ ಅವರದು ಇನ್ನೊಂದು ಪದ್ಧತಿ. ನಮಗಿಂತ ಮುಂಚೆಯೇ ಬಂದು, ಯಾವುದೋ ಮೂರು ಬೆಡ್ಡಿನವರ ಉಸಿರು ಎಣಿಸಿ, ಚೀಟಿಯಲ್ಲಿ ಬರೆದು ಏಪ್ರನ್ ಜೇಬಿಗೆ ಹಾಕಿಕೊಂಡಿರುತ್ತಿದ್ದರು. ನಾವು ಟಿಪಿಆರ್ ಚಾರ್ಟು, ಎಂದರೆ ಜ್ವರ, ನಾಡಿ, ಉಸಿರು ಬರೆಯುವ ಹಾಳೆ, ತುಂಬಿದ ಮೇಲೆ ಚೀಟಿ ಹೊರಗೆ ಬರುತ್ತಿತ್ತು. ಒಂದು ದಿನ ನಮ್ಮ ಗುಂಪಿನ ಅಷ್ಟೂ ಚಾರ್ಟುಗಳಲ್ಲಿ ಉಸಿರಿನ ಸಾಲಿನಲ್ಲಿ ಇದ್ದದ್ದು 20. ಚೀಟಿಯಲ್ಲಿ 14, 19, 26. ಮೇಡಂ ವಾರ್ಡಿನ ನಡುವೆ ನಿಂತು ಎರಡೂ ಕಡೆಯ ಹಾಸಿಗೆಗಳನ್ನು ನೋಡಿ, "ಇದೇನು, ಎಲ್ಲರೂ ಹೆಜ್ಜೆಗೆ ಹೆಜ್ಜೆ ಹಾಕ್ಕೊಂಡು ಪರೇಡ್ ಹೊರಟಿದಾರಾ?" ಅಂದರು. ನಾವು ನೆಲ ನೋಡಿದೆವು.

ಉಸಿರಿನ ಮೇಲೆ ಅವರಿಗೆ ಅಷ್ಟು ಮಮತೆ ಯಾಕೆ ಅನ್ನುವುದನ್ನು ಅವರೇ ಬಿಡಿಸಿ ಹೇಳಿದ್ದರು. ಸೋಂಕು ರಕ್ತಕ್ಕೆ ಇಳಿದಾಗಲೋ, ಒಳಗೆಲ್ಲೋ ರಕ್ತ ಸೋರುತ್ತಿರುವಾಗಲೋ ಅಂಗಾಂಶಗಳಿಗೆ ಸಾಕಷ್ಟು ಆಮ್ಲಜನಕ ತಲುಪುವುದಿಲ್ಲ. ಲ್ಯಾಕ್ಟಿಕ್ ಆಮ್ಲ ಸೇರಿಕೊಳ್ಳುತ್ತದೆ. ಆ ಹುಳಿಯನ್ನು ಸರಿದೂಗಿಸಲು ಮೂತ್ರಪಿಂಡಕ್ಕೆ ದಿನಗಳೇ ಬೇಕು, ಶ್ವಾಸಕೋಶಕ್ಕೆ ನಿಮಿಷಗಳು ಸಾಕು. ಉಸಿರು ಬಿರುಸಾಗುತ್ತದೆ, ಇಂಗಾಲದ ಡೈಆಕ್ಸೈಡು ಹೊರಗೆ ಹೋಗುತ್ತದೆ, ಹುಳಿ ಇಳಿಯುತ್ತದೆ. ಈ ಹೊತ್ತಿನಲ್ಲಿ ಬಿಪಿ ಚೆನ್ನಾಗಿಯೇ ಇರಬಹುದು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ರಕ್ತದ ಆಮ್ಲಜನಕ ಶೇ. 97 ಅಂತ ತೋರಿಸುತ್ತಿರಬಹುದು. ಸಾಲ ತೀರಿಸಲು ಎರಡು ಪಾಳಿ ದುಡಿಯುವವನ ಪಾಸ್‌ಬುಕ್ ನೋಡಿದ ಹಾಗೆ ಅದು: ಲೆಕ್ಕ ಸರಿಯಾಗಿಯೇ ಇರುತ್ತದೆ, ಮನುಷ್ಯ ಸೋಲುತ್ತಿರುತ್ತಾನೆ.

ಇಷ್ಟೆಲ್ಲ ಕಲಿತವನು ನಾನು. ಈಗ ಆ ರಾತ್ರಿಯ ವಿಷಯ.

ಪಾಸಾಗಿ ಎರಡನೇ ವರ್ಷ. ಸರ್ಜಿಕಲ್ ವಾರ್ಡು, ನೈಟ್ ಡ್ಯೂಟಿ. 34 ಹಾಸಿಗೆ, ನಾನು ಮತ್ತು ಒಬ್ಬರು ಸಿಸ್ಟರ್. 11ನೇ ಬೆಡ್ಡಿನಲ್ಲಿ ಕರುಳಿನ ಆಪರೇಷನ್ ಆಗಿ ನಾಲ್ಕನೇ ದಿನದಲ್ಲಿದ್ದ ಒಬ್ಬರು. ರಾತ್ರಿ 10ರ ರೌಂಡಿನಲ್ಲಿ ನಾಡಿ 104, ಬಿಪಿ 112/70, ಜ್ವರ 37.6, ಆಮ್ಲಜನಕದ ಸ್ಯಾಚುರೇಶನ್ 97. ಉಸಿರು 20. ಮೊದಲ ನಾಲ್ಕನ್ನು ನೋಡಿ ಬರೆದೆ. ಐದನೆಯದನ್ನು ಬರೆದೆ, ಅಷ್ಟೆ.

ರಾತ್ರಿ 2 ದಾಟಿತ್ತು. ಅವರ ಹೆಂಡತಿ ಮೇಜಿನ ಹತ್ತಿರ ಬಂದು ನಿಂತರು. "ಬ್ರದರ್, ಇವರು ನನ್ನನ್ನ ಅವರ ತಂಗಿ ಅಂದ್ಕೊಂಡು ಮಾತಾಡ್ತಿದಾರೆ. ನಿದ್ದೆಗಣ್ಣಲ್ಲಿ ಇರಬಹುದಾ?" ಇರಬಹುದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಎದ್ದು ಹೋದೆ. ಅವರು ಹೊದಿಕೆಯ ಅಂಚನ್ನು ಸುತ್ತಿ ಬಿಡಿಸಿ, ಸುತ್ತಿ ಬಿಡಿಸಿ ಮಾಡುತ್ತಿದ್ದರು. ಆಕ್ಸಿಮೀಟರ್ 96. ಹಿಂದಿರುಗಲು ಅಷ್ಟೇ ಸಾಕಿತ್ತು. ಯಾಕೋ ಅವರ ಕೈಯನ್ನು ಹೊಟ್ಟೆಯ ಮೇಲೆ ಮಡಿಸಿಟ್ಟು ನಾಡಿ ಹಿಡಿದೆ. ಅದು 118. ಬೆರಳು ತೆಗೆಯದೆ ಎದೆ ನೋಡಿದೆ. 29. ನಂಬದೆ ಮತ್ತೆ ಎಣಿಸಿದೆ. 29. ಬಿಪಿ 104ಕ್ಕೆ ಇಳಿದಿತ್ತು.

ಸರ್ಜನ್ ಬಂದರು. ಕರುಳು ಜೋಡಿಸಿದ ಕಡೆ ಹೊಲಿಗೆ ಬಿಟ್ಟು ಸೋರುತ್ತಿತ್ತು. ಬೆಳಗಾಗುವ ಮುಂಚೆಯೇ ಮತ್ತೆ ಥಿಯೇಟರಿಗೆ ಒಯ್ದರು. ತುಂಬಾ ದಿನ ಐಸಿಯುನಲ್ಲಿದ್ದು, ಕಡೆಗೆ ನಡೆದುಕೊಂಡೇ ಮನೆಗೆ ಹೋದರು. ಎಲ್ಲರೂ ನನ್ನನ್ನು ಹೊಗಳಿದರು, ಸರಿಯಾದ ಸಮಯಕ್ಕೆ ಹಿಡಿದೆ ಅಂತ. ಚಾರ್ಟು ತಿರುವಿದರೆ 10 ಗಂಟೆಗೆ ಎಲ್ಲ ಸರಿಯಿತ್ತಲ್ಲ! ಉಸಿರು 20, ನನ್ನದೇ ಅಕ್ಷರ.

ರಜೆಯಲ್ಲಿ ಕಾಲೇಜಿಗೆ ಬಂದು ಮೇಡಂ ಹತ್ತಿರ ಹೇಳಿಕೊಂಡೆ. ಬೈಯುತ್ತಾರೆ, ಇಲ್ಲವೇ ಸಮಾಧಾನ ಮಾಡುತ್ತಾರೆ ಅಂದುಕೊಂಡಿದ್ದೆ. ಎರಡನ್ನೂ ಮಾಡಲಿಲ್ಲ. "ಆ 29, ಪೂರ್ತಿ ನಿಮಿಷ ಎಣಿಸಿದ್ದಾ?" ಅಂತ ಕೇಳಿದರು. ಹೌದು ಅಂದೆ. "ಹಾಗಾದರೆ 10 ಗಂಟೆಗೂ ನಿನಗೆ ಬರ್ತಿತ್ತು" ಅಂದರು.

ಮುಂದೆ ಓದುತ್ತಾ ಹೋದ ಹಾಗೆ, ನನ್ನ ಆ 20 ನನ್ನೊಬ್ಬನದೇ ಅಲ್ಲವೆಂದು ತಿಳಿಯಿತು. 1990ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಆಸ್ಪತ್ರೆಯೊಳಗೇ ಹೃದಯ ಸ್ತಂಭನವಾದ 64 ಮಂದಿಯ ದಾಖಲೆಗಳನ್ನು ಹಿಂದಕ್ಕೆ ತಿರುವಿ ನೋಡಿದ್ದರು. 54 ಮಂದಿಯಲ್ಲಿ, ಎಂದರೆ ಶೇ. 84ರಷ್ಟು ಜನರಲ್ಲಿ, ಹಿಂದಿನ 8 ಗಂಟೆಗಳೊಳಗೆ ಸ್ಥಿತಿ ಹದಗೆಟ್ಟದ್ದೋ ಹೊಸ ತೊಂದರೆ ಹೇಳಿಕೊಂಡದ್ದೋ ಕೇಸ್ ಶೀಟಿನಲ್ಲೇ ಇತ್ತು. ಬರೆದಿಟ್ಟಿದ್ದರು, ಬರೆದದ್ದನ್ನು ಕೂಡಿಸಿ ನೋಡಿದವರಿರಲಿಲ್ಲ. ಆ ಕೂಡಿಸುವ ಕೆಲಸಕ್ಕೆಂದೇ 1990ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ 'ಅರ್ಲಿ ವಾರ್ನಿಂಗ್ ಸ್ಕೋರ್' ಹುಟ್ಟಿತು: ನಾಡಿ, ಉಸಿರು, ಬಿಪಿ ಒಂದೊಂದೂ ಎಷ್ಟು ಕೆಟ್ಟಿದೆಯೋ ಅಷ್ಟು ಅಂಕ ಕೊಟ್ಟು ಕೂಡಿಸುವ ಪಟ್ಟಿ. 2012ರಲ್ಲಿ ಅಲ್ಲಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಇಡೀ ದೇಶಕ್ಕೆ ಒಂದೇ ಪಟ್ಟಿ ಕೊಟ್ಟಿತು, ಹೆಸರು 'ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್', ಚಿಕ್ಕದಾಗಿ 'ನ್ಯೂಸ್'. 2017ರಲ್ಲಿ ಅದನ್ನು ಪರಿಷ್ಕರಿಸಿದಾಗ ಪ್ರಜ್ಞೆಯ ಸಾಲಿಗೆ 'ಹೊಸದಾಗಿ ಶುರುವಾದ ಗೊಂದಲ' ಸೇರಿತು. ಹೆಂಡತಿಯನ್ನು ತಂಗಿ ಅಂದುಕೊಂಡರೆ ಈಗ 3 ಅಂಕ.

ಆ ಪಟ್ಟಿ ಕೈಗೆ ಬಂದ ದಿನ ನಾನು ಮೊದಲು ಮಾಡಿದ ಲೆಕ್ಕ 11ನೇ ಬೆಡ್ಡಿನದು. 2 ಗಂಟೆಗೆ ಉಸಿರಿಗೆ 3, ಗೊಂದಲಕ್ಕೆ 3, ನಾಡಿಗೆ 2, ಬಿಪಿಗೆ 1. ಒಟ್ಟು 9. 7 ಮುಟ್ಟಿದರೆ ತುರ್ತು ಸ್ಥಿತಿ. 10 ಗಂಟೆಗೆ, ನಾನು ಬರೆದಿಟ್ಟಂತೆ, ಒಟ್ಟು 1. ಉಸಿರು 12ರಿಂದ 20ರವರೆಗೆ ಸೊನ್ನೆ ಅಂಕ. 21ರಿಂದ 24ಕ್ಕೆ 2. 25 ಅಥವಾ ಅದಕ್ಕಿಂತ ಹೆಚ್ಚಾದರೆ 3, ಮತ್ತು ಒಂದೇ ಒಂದು ಸಾಲಿನಲ್ಲಿ 3 ಬಂದರೂ ಡಾಕ್ಟರಿಗೆ ತಿಳಿಸಲೇಬೇಕು. ಮೇಡಂ ಬೋರ್ಡಿನ ಮೇಲೆ ಬರೆದ 20, 24 ನೆನಪಾದವು. 15 ಸೆಕೆಂಡಿನಲ್ಲಿ ಒಂದೇ ಒಂದು ಉಸಿರು ತಪ್ಪಿದರೆ ಸೊನ್ನೆಗೂ ಎರಡಕ್ಕೂ ನಡುವಿನ ಗೆರೆ ದಾಟಿಹೋಗುತ್ತದೆ. ಆ ರಾತ್ರಿ 10 ಗಂಟೆಗೆ ಅವರ ಉಸಿರು ಎಷ್ಟಿತ್ತು? ಗೊತ್ತಾಗುವ ದಾರಿಯನ್ನು ನಾನೇ ಮುಚ್ಚಿದ್ದೆ.

ಇಲ್ಲಿ ಮೇಡಂ ಹೇಳದೆ ಬಿಟ್ಟ ಒಂದು ಮಾತು ಸೇರಿಸಬೇಕು. 34 ಹಾಸಿಗೆಗೆ ತಲಾ ಒಂದು ನಿಮಿಷ ಅಂದರೆ ಬರೀ ಉಸಿರಿಗೇ ಅರ್ಧ ಗಂಟೆಗಿಂತ ಹೆಚ್ಚು. ನಡುವೆ ಡ್ರಿಪ್ ಮುಗಿಯುತ್ತದೆ, ಬೆಡ್‌ಪ್ಯಾನ್ ಬೇಕಾಗುತ್ತದೆ, ಹೊಸ ಅಡ್ಮಿಶನ್ ಬರುತ್ತದೆ. ಆಗ 20 ತಾನಾಗಿ ಪೆನ್ನಿನ ತುದಿಗೆ ಬರುತ್ತದೆ. ಲಿಂಡಾ ಏಕನ್ ಮತ್ತು ಜೊತೆಗಾರರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿ 2002ರಲ್ಲಿ ಬರೆದದ್ದು ಇದೇ ಮಾತು: ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದ ಹಾಗೆಲ್ಲ, ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತಿತ್ತು. ನನ್ನ ತಪ್ಪನ್ನು ಇದರ ಹಿಂದೆ ಅಡಗಿಸಲು ಹೇಳುತ್ತಿಲ್ಲ. ಆದರೆ ರೋಗವನ್ನು ಬೇಗ ಪತ್ತೆಹಚ್ಚುವ ಬಗ್ಗೆ ಭಾಷಣ ಮಾಡುವವರು ಯಂತ್ರದ ಬೆಲೆ ಹೇಳಿದಷ್ಟು ಸಲೀಸಾಗಿ ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇದ್ದಾರೆ ಎಂದು ಹೇಳುವುದನ್ನು ನಾನು ಕೇಳಿಲ್ಲ.

ಇನ್ನೊಂದು ವಿಷಯದಲ್ಲಿ ಮೇಡಂ ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ "ಪೇಷೆಂಟ್ ಯಾಕೋ ಒಂಥರಾ ಇದಾರೆ" ಅನ್ನುವುದು ಅವರ ಪ್ರಕಾರ ಮಹಾಪರಾಧ. "ಒಂಥರಾ ಅಂದರೆ ಎಷ್ಟು? ಸಂಖ್ಯೆ ಹೇಳು" ಅನ್ನುತ್ತಿದ್ದರು. ಸಂಖ್ಯೆ ಹೇಳಬೇಕು, ನಿಜ. ಆದರೆ ಸಂಖ್ಯೆ ಕೆಡುವ ಮುಂಚೆಯೇ ಕೆಲವೊಮ್ಮೆ 'ಒಂಥರಾ' ಬಂದಿರುತ್ತದೆ. ನೆದರ್ಲೆಂಡ್ಸಿನ ಸಂಶೋಧಕರು ನರ್ಸುಗಳ ಈ ಆತಂಕದ ಮೇಲಿದ್ದ ಅಧ್ಯಯನಗಳನ್ನೆಲ್ಲ ಕಲೆಹಾಕಿ 2015ರಲ್ಲಿ ಪ್ರಕಟಿಸಿದರು. ಉಸಿರಾಟದ ರೀತಿ ಬದಲಾಗುವುದು, ಮೈಬಣ್ಣ ಕಳೆಗುಂದುವುದು, ಚಡಪಡಿಕೆ, 'ನನಗೆ ಯಾಕೋ ಸರಿಯಿಲ್ಲ' ಎಂದು ರೋಗಿಯೇ ಹೇಳುವುದು, ಕಡೆಗೆ 'ಕಾರಣ ಹೇಳಲಾಗದು, ಆದರೆ ನನಗೆ ಸಮಾಧಾನವಿಲ್ಲ' ಎಂಬ ನರ್ಸಿನ ಅನಿಸಿಕೆ, ಎಲ್ಲವೂ ಆ ಪಟ್ಟಿಯಲ್ಲಿವೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಇನ್ನೂ ಮುಂದೆ ಹೋಗಿದ್ದಾರೆ. 2025ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ ಕಂಪ್ಯೂಟರ್ ಗಮನಿಸಿದ್ದು ಮುಖ್ಯವಾಗಿ ನರ್ಸುಗಳ ನಡವಳಿಕೆಯನ್ನು: ಹೊತ್ತಲ್ಲದ ಹೊತ್ತಿನಲ್ಲಿ ವೈಟಲ್ಸ್, ಎಂದರೆ ನಾಡಿ, ಉಸಿರು, ಬಿಪಿ ಮುಂತಾದವನ್ನು ನೋಡಿದರೇ, ರಾತ್ರಿ ಎದ್ದು ಹೋಗಿ ಹೆಚ್ಚುವರಿ ಟಿಪ್ಪಣಿ ಬರೆದರೇ ಎಂದು. ಅದರ ಮೇಲೆ ಅದು ಎಚ್ಚರಿಕೆ ಕೊಡುತ್ತಿತ್ತು. ಆ ಎಚ್ಚರಿಕೆ ಸಿಗುತ್ತಿದ್ದ ವಾರ್ಡುಗಳಲ್ಲಿ ಸಾವಿನ ಅಪಾಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಗ್ಗಿತ್ತು. ಇದನ್ನು ಫೋನಿನಲ್ಲಿ ಮೇಡಂಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ. ಆದರೂ ಮೊದಲು ಎಣಿಸು, ಆಮೇಲೆ ಒಂಥರಾ ಅನ್ನು" ಅಂದರು.

ಈಗ ವಿದ್ಯಾರ್ಥಿಗಳು ನನ್ನ ವಾರ್ಡಿಗೂ ಪೋಸ್ಟಿಂಗಿಗೆ ಬರುತ್ತಾರೆ. ನನ್ನ ಜೇಬಿನಲ್ಲೂ ಒಂದು ಚೀಟಿ ಇರುತ್ತದೆ. ಹೋದ ತಿಂಗಳು ಎರಡನೇ ವರ್ಷದ ಹುಡುಗಿಯೊಬ್ಬಳ ಚಾರ್ಟಿನಲ್ಲಿ, ನಾನು ಎಣಿಸದೆ ಬಿಟ್ಟಿದ್ದ ಬೆಡ್ಡಿನ ಮುಂದೆ 20 ಕಂಡಿತು. ಪರೇಡಿನ ಮಾತು ಬಾಯಿಗೆ ಬಂತು. "ಎಣಿಸಿದ್ಯೇನಮ್ಮಾ?" ಅಂದೆ. "ಎಣಿಸಿದೀನಿ ಸರ್, ಪೂರ್ತಿ ನಿಮಿಷ" ಅಂದಳು, ತಲೆ ತಗ್ಗಿಸದೆ. ಬಾ ಅಂತ ಕರೆದುಕೊಂಡು ಹೋಗಿ, ರೋಗಿಯ ಕೈಯನ್ನು ಹೊಟ್ಟೆಯ ಮೇಲೆ ಮಡಿಸಿಟ್ಟು ನಾಡಿ ಹಿಡಿದೆ. ಗಡಿಯಾರ, ಎದೆ, ಗಡಿಯಾರ. 20.

ಇನ್ನೊಂದು ಸಲ ಎಣಿಸಿದೆ. ಅವಳು ಪಕ್ಕದಲ್ಲೇ ನಿಂತಿದ್ದಳು. 20.